ಹದಿನೇಳು ತುಂಬುವ ಮೊದಲು: ಬಾಲಕಿಯರ ಫುಟ್‌ಬಾಲ್ ವಿಶ್ವಕಪ್ ನಡೆದು ಬಂದ ದಾರಿ

ಕೊನಾರ್ಕ್ ಎಕ್ಸ್‌ಪ್ರೆಸ್ ಮುಂಬೈಯಿಂದ ಹೊರಟು ಪುಣೆ, ಸೊಲ್ಲಾಪುರ ದಾಟಿ ಕಲಬುರಗಿಗೆ ಬರುತ್ತದೆ. ಇಲ್ಲಿಂದ ವಾಡಿ, ಸಿಕಂದರಾಬಾದ್ ಮೇಲೆ ಹಾಯ್ದು ಭುವನೇಶ್ವರ ಸೇರುತ್ತದೆ. 2022ರ ಅಕ್ಟೋಬರ್ 11ರಂದು ಈ ಗಾಡಿಯ ಆ ತುದಿಯಲ್ಲಿ, ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ, 17 ವರ್ಷದೊಳಗಿನ ಬಾಲಕಿಯರ ಫಿಫಾ ವಿಶ್ವಕಪ್ ಆರಂಭವಾಯಿತು. ಅಕ್ಟೋಬರ್ 30ರಂದು ಈ ತುದಿಯ ನೆರೆಯ ನವಿ ಮುಂಬೈಯ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಅದು ಮುಗಿಯಿತು. ಉಳಿದ ಪಂದ್ಯಗಳು ಗೋವಾದ ಮಡಗಾಂವಿನಲ್ಲಿ ನಡೆದವು. ಭಾರತದಲ್ಲಿ ನಡೆದ ಮೊದಲ ಫಿಫಾ ಮಹಿಳಾ ಕೂಟ ಅದು. 16 ದೇಶಗಳ ಹುಡುಗಿಯರು ನಮ್ಮ ಎರಡೂ ಮಗ್ಗುಲಿಗೆ ಬಂದು, ಒಟ್ಟು 32 ಪಂದ್ಯ ಆಡಿ ಹೋದರು. ಜೇವರ್ಗಿ ಕಾಲೋನಿಯಿಂದ ಹೊರಡುತ್ತಿರುವ, ಕಲಬುರಗಿ ಮತ್ತು ಕಮಲಾಪುರದ ಮನೆಮನೆಗಳಿಗೆ ಹೋಗಲಿರುವ ಈ ಸಂಚಿಕೆಯಲ್ಲಿ ಆ ಕೂಟದ ಚರಿತ್ರೆಗೂ ನಾಲ್ಕು ಪುಟ ಇರಬೇಕೆಂದು ನಾನು ಹಟ ಹಿಡಿದೆ. ನಮ್ಮ ಪ್ರೌಢಶಾಲೆಗಳ ಹೆಣ್ಣುಮಕ್ಕಳ ವಯಸ್ಸಿಗೆಂದೇ ಮೀಸಲಾದ ವಿಶ್ವಕಪ್ ಇದು. ಇದರ ಬಗ್ಗೆ ಅವರಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಗೆದ್ದವರ ಪಟ್ಟಿ ಕೊಟ್ಟರೆ ಈ ಕೂಟದ ಕಥೆ ತಿಳಿಯುವುದಿಲ್ಲ. ಇದರಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಆಟಗಾರ್ತಿ ಹುಟ್ಟಿದ ವರ್ಷ. ಕೂಟ ನಡೆಯುವ ವರ್ಷದಿಂದ 17 ಕಳೆಯಿರಿ. ಆ ವರ್ಷದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವಳು ಆಡಬಹುದು, ಅದಕ್ಕೆ ಒಂದು ದಿನ ಮುಂಚೆ, ಡಿಸೆಂಬರ್ 31ಕ್ಕೆ ಹುಟ್ಟಿದವಳು ಆಡುವಂತಿಲ್ಲ. ದೊಡ್ಡವರ ವಿಶ್ವಕಪ್ ಒಮ್ಮೆ ತಪ್ಪಿದರೆ ನಾಲ್ಕು ವರ್ಷ ಕಾಯ್ದು ಮತ್ತೆ ಆಡಬಹುದು. ಇಲ್ಲಿ ಕಾಯುವಂತಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದಾಗಲಂತೂ ಒಬ್ಬ ಹುಡುಗಿಗೆ ಸಿಗುತ್ತಿದ್ದದ್ದು ಹೆಚ್ಚೂಕಡಿಮೆ ಒಂದೇ ಅವಕಾಶ. ಅದರಲ್ಲೂ ಗಡಿವರ್ಷದಲ್ಲಿ ಹುಟ್ಟಿದವಳು ಹದಿನೇಳರ ಪೂರ್ತಿ ಬಲದಿಂದ ಆಡುತ್ತಿದ್ದಳು. ಮುಂದಿನ ವರ್ಷದವಳು ಹದಿನಾರಕ್ಕೇ ಆಡಿ ಮುಗಿಸಬೇಕಿತ್ತು, ಮರು ಕೂಟದ ಹೊತ್ತಿಗೆ ಅವಳ ವಯಸ್ಸು ದಾಟಿರುತ್ತಿತ್ತು. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸರಿಯಾಗಿ ಅರ್ಥವಾಗುತ್ತದೆ.

ಇಷ್ಟು ಎಳೆಯ ಹುಡುಗಿಯರಿಗೆ ವಿಶ್ವಕಪ್ ಎಂಬುದು ಒಂದು ಕಾಲಕ್ಕೆ ಕನಸಿಗೂ ನಿಲುಕದ ಮಾತಾಗಿತ್ತು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಡಿಕ್, ಕೆರ್ ಲೇಡೀಸ್ ಎಂಬ ಕಾರ್ಖಾನೆ ಹೆಂಗಸರ ತಂಡದ ಆಟ ನೋಡಲು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹೆಂಗಸರಿಗೆ ತನ್ನ ಮೈದಾನಗಳ ಬಾಗಿಲು ಮುಚ್ಚಿತು; ಮತ್ತೆ ತೆರೆಯಲು ಐವತ್ತು ವರ್ಷ ಹಿಡಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇಂಥದೇ ನಿಷೇಧವಿತ್ತು. ಫುಟ್‌ಬಾಲಿನ ತವರು ಎನಿಸಿಕೊಂಡ ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಹೆಂಗಸರು ಚೆಂಡು ಒದೆಯುವುದು ಕಾನೂನಿಗೇ ವಿರುದ್ಧವಾಗಿತ್ತು. 1986ರಲ್ಲಿ ಮೆಕ್ಸಿಕೊದಲ್ಲಿ ನಡೆದ ಫಿಫಾ ಮಹಾಧಿವೇಶನದಲ್ಲಿ ನಾರ್ವೆಯ ಪ್ರತಿನಿಧಿ ಎಲೆನ್ ವಿಲ್ಲೆ ಎದ್ದು ನಿಂತು, ಹೆಂಗಸರಿಗೂ ವಿಶ್ವಕಪ್ ಬೇಕೆಂದು ಕೇಳಿದರು. 1991ರಲ್ಲಿ ಚೀನಾದಲ್ಲಿ ಅದು ನಡೆಯಿತು.

ಕಿರಿಯರ ಸರದಿ ಬರಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. 2002ರಲ್ಲಿ ಕೆನಡಾದಲ್ಲಿ 19 ವರ್ಷದೊಳಗಿನವರ ಕೂಟ ಏರ್ಪಟ್ಟಾಗ, ಇದನ್ನು ನೋಡಲು ಯಾರು ಬರುತ್ತಾರೆಂಬ ಅನುಮಾನ ಎಲ್ಲ ಕಡೆ ಇದ್ದದ್ದೇ. ಎಡ್ಮಂಟನ್‌ನ ಫೈನಲ್‌ಗೆ 47,784 ಜನ ಬಂದರು. ಅಮೆರಿಕ ಆತಿಥೇಯರನ್ನು 1–0ರಿಂದ ಸೋಲಿಸಿತು. ಸೋತ ತಂಡದ ಕ್ರಿಸ್ಟೀನ್ ಸಿಂಕ್ಲೇರ್ ಮುಂದೆ ಜಗತ್ತಿನ ದೊಡ್ಡ ಆಟಗಾರ್ತಿಯಾಗಿ ಬೆಳೆದರು. ಆ ಕೂಟದ ವಯೋಮಿತಿ 2006ರಿಂದ 20ಕ್ಕೆ ಏರಿತು. ಅದಕ್ಕಿಂತ ಕೆಳಗಿನವರಿಗೆಂದು 2008ರಲ್ಲಿ ನ್ಯೂಜಿಲೆಂಡಿನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಶುರುವಾಯಿತು.

ಮೊದಲ ಕಪ್ ಉತ್ತರ ಕೊರಿಯಾದ ಪಾಲಾಯಿತು. ಹೆಚ್ಚುವರಿ ಆಟದಲ್ಲಿ ಅದು ಅಮೆರಿಕವನ್ನು 2–1ರಿಂದ ಮಣಿಸಿತು. 2010ರಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊದಲ್ಲಿ ದಕ್ಷಿಣ ಕೊರಿಯಾ, ಜಪಾನಿನ ಜತೆ 3–3 ಸಮಬಲ ಸಾಧಿಸಿ ಪೆನಾಲ್ಟಿಯಲ್ಲಿ ಗೆದ್ದಿತು. ಆ ದೇಶ ಫುಟ್‌ಬಾಲಿನಲ್ಲಿ ಗೆದ್ದ ಮೊದಲ ಫಿಫಾ ಕಪ್ ಅದು. ಗಂಡಸರ ತಂಡ 2002ರಲ್ಲಿ ಸ್ವಂತ ನೆಲದಲ್ಲಿ ಸೆಮಿಫೈನಲ್‌ವರೆಗೆ ಹೋಗಿ ನಿಂತಿತ್ತು. ದೇಶಕ್ಕೆ ಕಪ್ ತಂದವರು ಹೈಸ್ಕೂಲ್ ಹುಡುಗಿಯರು. 8 ಗೋಲು ಹೊಡೆದ ಯೊ ಮಿನ್‌ಜಿ ಉತ್ತಮ ಆಟಗಾರ್ತಿಯ ಪ್ರಶಸ್ತಿಯನ್ನೂ ಹೆಚ್ಚು ಗೋಲಿನ ಪ್ರಶಸ್ತಿಯನ್ನೂ ತನ್ನದಾಗಿಸಿಕೊಂಡಳು. 2012ರಲ್ಲಿ ಅಜರ್‌ಬೈಜಾನಿನಲ್ಲಿ ಫ್ರಾನ್ಸ್, 2014ರಲ್ಲಿ ಕೋಸ್ಟರಿಕಾದಲ್ಲಿ ಜಪಾನ್ ಗೆದ್ದವು.

2016ರ ಕೂಟ ನಡೆದದ್ದು ಜೋರ್ಡಾನಿನಲ್ಲಿ. ಕಪ್ ಮತ್ತೆ ಉತ್ತರ ಕೊರಿಯಾಕ್ಕೆ ಹೋಯಿತು. ಆದರೆ ನಮ್ಮ ಊರಿನವರು ನೆನಪಿಡಬೇಕಾದದ್ದು ಆತಿಥೇಯ ತಂಡವನ್ನು. ಮಧ್ಯಪ್ರಾಚ್ಯದಲ್ಲಿ ನಡೆದ ಮೊದಲ ಫಿಫಾ ಮಹಿಳಾ ಕೂಟ ಅದು. ತಲೆವಸ್ತ್ರ ಕಟ್ಟಿಕೊಂಡು ಆಡಲು ಫಿಫಾ 2014ರಲ್ಲಿ ವಿಧ್ಯುಕ್ತ ಒಪ್ಪಿಗೆ ಕೊಟ್ಟಿತ್ತು. ಜೋರ್ಡಾನಿನ ಕೆಲವು ಹುಡುಗಿಯರು ಹಾಗೆ ಕಟ್ಟಿಕೊಂಡೇ ಮೈದಾನಕ್ಕಿಳಿದರು. ಫಿಫಾ ಕೂಟವೊಂದರಲ್ಲಿ ಹಾಗೆ ಆಡಿದವರಲ್ಲಿ ಅವರೇ ಮೊದಲಿಗರು. ಗುಂಪಿನ ಪಂದ್ಯಗಳಲ್ಲಿ ತಂಡ ಸೋತು ಹೊರಬಿದ್ದಿತು, ನಿಜ. ಆದರೂ ಉಟ್ಟಬಟ್ಟೆಯ ಕಾರಣಕ್ಕೆ ಅಂಗಳದ ಹೊರಗೆ ನಿಲ್ಲಬೇಕಾದ ಹುಡುಗಿಯರಿಗೆ ಆಟದ ನಿಯಮಪುಸ್ತಕವೇ ದಾರಿ ಬಿಟ್ಟುಕೊಟ್ಟ ಆ ಕೂಟವನ್ನು, ಬಂದೇನವಾಜರ ದರ್ಗಾ ಮತ್ತು ಶರಣಬಸವೇಶ್ವರರ ಗುಡಿ ಎರಡೂ ಇರುವ ಈ ಊರಿನಲ್ಲಿ ಕುಳಿತು ನಾನು ತುಂಬ ಗೌರವದಿಂದ ನೆನೆಯುತ್ತೇನೆ.

2018ರಲ್ಲಿ ಉರುಗ್ವೆಯಲ್ಲಿ ಸ್ಪೇನ್ ಗೆದ್ದಿತು, ಮೆಕ್ಸಿಕೊ ವಿರುದ್ಧ 2–1. ಈ ಗೆಲುವಿನ ಫಲ ಎಲ್ಲಿಯವರೆಗೆ ಹೋಯಿತು ನೋಡಿ. ಆ ತಂಡದ ಗೋಲ್‌ಕೀಪರ್ ಕಾಟಾ ಕೊಲ್ ಮತ್ತು ಮುಂಚೂಣಿಯ ಸಲ್ಮಾ ಪರಲ್ಯುವೆಲೊ 2023ರಲ್ಲಿ ಸಿಡ್ನಿಯಲ್ಲಿ ಸ್ಪೇನ್ ದೊಡ್ಡವರ ವಿಶ್ವಕಪ್ ಎತ್ತಿದಾಗ ಮೈದಾನದಲ್ಲಿದ್ದರು. ಸಲ್ಮಾ ನಡುವೆ 2022ರಲ್ಲಿ 20 ವರ್ಷದೊಳಗಿನವರ ಕಪ್ಪನ್ನೂ ಗೆದ್ದಿದ್ದಳು. ಮೂರೂ ಹಂತದ ವಿಶ್ವಕಪ್ ಗೆದ್ದ ಮೊದಲ ಆಟಗಾರ್ತಿ ಅವಳು. 17ರೊಳಗಿನವರ ಕೂಟ ಮಕ್ಕಳಾಟವೆಂದು ಮೂಗು ಮುರಿಯುವವರಿಗೆ ಈ ಐದು ವರ್ಷಗಳ ಲೆಕ್ಕ ಸಾಕು.

ಇನ್ನು ಭಾರತದ ಮಾತು. 2019ರ ಮಾರ್ಚಿನಲ್ಲಿ ಫಿಫಾ 2020ರ ಕೂಟವನ್ನು ಭಾರತಕ್ಕೆ ಕೊಟ್ಟಿತು. 2017ರಲ್ಲಿ ಹುಡುಗರ 17 ವರ್ಷದೊಳಗಿನ ವಿಶ್ವಕಪ್ ಇಲ್ಲಿ ನಡೆದಾಗ 13 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದು ದಾಖಲೆಯಾಗಿದ್ದು ಆ ನಂಬಿಕೆಗೆ ಬುನಾದಿ. ನಮ್ಮ ಹೆಂಗಸರ ಫುಟ್‌ಬಾಲಿಗೂ ಹಳೆಯ ಹೆಗ್ಗಳಿಕೆ ಇಲ್ಲದಿಲ್ಲ. 1980ರಲ್ಲಿ ಕಲ್ಲಿಕೋಟೆಯಲ್ಲಿ ಮುಗಿದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಮತ್ತೆ 1983ರಲ್ಲಿ, ಭಾರತ ಎರಡನೆಯ ಸ್ಥಾನ ಪಡೆದಿತ್ತು. ಆಮೇಲೆ ಹಲವು ದಶಕ ಆ ತಂಡವನ್ನು ಕೇಳುವವರಿರಲಿಲ್ಲ. ಈಗ ಕೊನೆಗೂ ಒಂದು ವಿಶ್ವಕಪ್. ಭುವನೇಶ್ವರ, ಗುವಾಹಟಿ, ಕೋಲ್ಕತ್ತ, ಅಹಮದಾಬಾದ್, ನವಿ ಮುಂಬೈ ಎಂದು ಐದು ಊರು ಗೊತ್ತಾದವು. 2011ರಲ್ಲಿ ಸ್ವೀಡನ್ನಿನ ಮಹಿಳೆಯರನ್ನು ವಿಶ್ವಕಪ್‌ನ ಮೂರನೇ ಸ್ಥಾನಕ್ಕೆ ಒಯ್ದಿದ್ದ ಥಾಮಸ್ ಡೆನ್ನರ್ಬಿ ಕೋಚ್ ಆಗಿ ಬಂದರು. ಶಿಬಿರ ಕೂಡಿತು. ಪಂದ್ಯಗಳು 2020ರ ನವೆಂಬರ್ 2ರಿಂದ ಶುರುವಾಗಬೇಕಿತ್ತು.

ಕೊರೊನಾ ಬಂತು. ಭಾರತದ ಮೊದಲ ಕೊರೊನಾ ಸಾವು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲೇ ಆದದ್ದರಿಂದ ಆ ದಿನಗಳ ಭಯವನ್ನು ಈ ಊರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಕೂಟವನ್ನು 2021ರ ಫೆಬ್ರುವರಿ 17ಕ್ಕೆ ಮುಂದೂಡಿದರು. ವಯಸ್ಸಿನ ಗಡಿಯನ್ನು ಹಾಗೇ ಉಳಿಸಿಕೊಂಡರು. 2020ರ ನವೆಂಬರಿನಲ್ಲಿ ಫಿಫಾ ಅದನ್ನೂ ರದ್ದು ಮಾಡಿ, 2022ರ ಕೂಟದ ಆತಿಥ್ಯವನ್ನು ಭಾರತಕ್ಕೆ ವಹಿಸಿತು. ಪತ್ರಿಕೆಗಳಲ್ಲಿ ಇದು ‘ಭಾರತಕ್ಕೆ ನಷ್ಟವಿಲ್ಲ’ ಎಂಬ ಧಾಟಿಯಲ್ಲೇ ಬಂತು. ದೇಶಕ್ಕೆ ನಷ್ಟವಾಗಿರಲಿಲ್ಲ, ಕ್ರೀಡಾಂಗಣಗಳಿಗೂ ಆಗಿರಲಿಲ್ಲ. ನಷ್ಟವಾದದ್ದು 2003 ಮತ್ತು 2004ರಲ್ಲಿ ಹುಟ್ಟಿದ ಹುಡುಗಿಯರಿಗೆ. 2020ರ ಗಡಿ 2003ರ ಜನವರಿ 1. 2022ರ ಗಡಿ 2005ರ ಜನವರಿ 1. ನಡುವಿನ ಎರಡು ವರ್ಷದವರಲ್ಲಿ ಬಹುಪಾಲು ಜನ, ಬರೀ ಭಾರತದವರಲ್ಲ, ಜಗತ್ತಿನ ಅಷ್ಟೂ ದೇಶದವರು, 17ರೊಳಗಿನ ವಿಶ್ವಕಪ್ ಎಂಬುದನ್ನು ನೋಡದೆಯೇ ಆ ವಯಸ್ಸು ದಾಟಿದರು. ಅಂಗಳಕ್ಕೆ ಇಳಿದು ಸೋಲುವ ಭಾಗ್ಯವೂ ಅವರಿಗೆ ಸಿಗಲಿಲ್ಲ. ಈ ಕೂಟದ ಇತಿಹಾಸದಲ್ಲಿ 2020ರ ಎದುರು ಒಂದು ಗೆರೆ ಎಳೆದು ಬಿಟ್ಟಿರುತ್ತಾರೆ. ಆ ಗೆರೆಯ ಹಿಂದೆ ಎರಡು ಪೂರ್ತಿ ವರ್ಷದ ಮಕ್ಕಳಿದ್ದಾರೆ.

2022ರ ದಾರಿಯೂ ಸುಗಮವಾಗಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಚುನಾವಣೆ ವರ್ಷಗಟ್ಟಲೆ ನನೆಗುದಿಗೆ ಬಿದ್ದು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆಡಳಿತ ಸಮಿತಿಯೊಂದನ್ನು ನೇಮಿಸಿತ್ತು. ಇದು ಹೊರಗಿನವರ ಹಸ್ತಕ್ಷೇಪವೆಂದು ಫಿಫಾ ಆಗಸ್ಟ್ ನಡುವಿನಲ್ಲಿ ಭಾರತವನ್ನು ಅಮಾನತು ಮಾಡಿತು. ಕೂಟಕ್ಕೆ ಎರಡು ತಿಂಗಳೂ ಇರಲಿಲ್ಲ. ಹತ್ತು ಹನ್ನೆರಡು ದಿನ ಅದು ಇಲ್ಲಿ ನಡೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಕೋರ್ಟ್ ಸಮಿತಿಯನ್ನು ವಿಸರ್ಜಿಸಿದ ಮೇಲೆ ಅಮಾನತು ತೆರವಾಯಿತು, ಸೆಪ್ಟೆಂಬರ್ 2ರಂದು ಚುನಾವಣೆ ಮುಗಿಯಿತು, ಅದೇ ತಿಂಗಳು ಕೇಂದ್ರ ಸಂಪುಟ ಮೈದಾನ ನಿರ್ವಹಣೆ, ವಿದ್ಯುತ್ತು ಮುಂತಾದವಕ್ಕೆ 10 ಕೋಟಿ ರೂಪಾಯಿ ಮಂಜೂರು ಮಾಡಿತು. ಹಿರಿಯರ ಕುರ್ಚಿ ಜಗಳಕ್ಕೆ ಹದಿನಾರರ ಮಕ್ಕಳ ಏಕೈಕ ಅವಕಾಶ ಎರಡನೆಯ ಸಲ ಕೈತಪ್ಪಿ ಹೋಗುತ್ತಿತ್ತಲ್ಲ ಎಂದು ಈಗಲೂ ಎದೆ ಹಿಂಡುತ್ತದೆ. ಅದೇ ವರ್ಷ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ ಸಹಾಯಕ ಕೋಚ್ ಒಬ್ಬರ ಮೇಲೆ ದುರ್ನಡತೆಯ ಆರೋಪ ಬಂದು ಅವರನ್ನು ವಜಾ ಮಾಡಲಾಯಿತು. ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳಿಸುವ ತಂದೆತಾಯಿ ಏನನ್ನು ಕೇಳಬೇಕು, ಸಂಸ್ಥೆಗಳು ಏನನ್ನು ಖಾತ್ರಿಪಡಿಸಬೇಕು ಎಂಬ ಪ್ರಶ್ನೆಯನ್ನು ಆ ಪ್ರಕರಣ ಎಲ್ಲರ ಮುಂದಿಟ್ಟಿತು. ಚರಿತ್ರೆ ಬರೆಯುವವರು ಅದನ್ನು ನುಂಗಿಕೊಳ್ಳಬಾರದು.

ತಂಡದ ನಾಯಕಿ ಅಸ್ತಮ್ ಓರಾಂವ್, ಝಾರ್ಖಂಡದ ಗುಮ್ಲಾ ಜಿಲ್ಲೆಯ ಹಳ್ಳಿಯವಳು, ಡಿಫೆಂಡರ್. ಅಪ್ಪ ಅವ್ವ ಕೂಲಿಯವರು. ಮಗಳು ದೇಶದ ನಾಯಕಿಯಾದಳೆಂದು ಅವಳ ಮನೆಗೆ ಸರ್ಕಾರ ರಸ್ತೆ ಮಾಡಿಸತೊಡಗಿದಾಗ, ಆ ರಸ್ತೆ ಕೆಲಸಕ್ಕೆ ಅವಳ ತಂದೆತಾಯಿಯೇ ಕೂಲಿಗೆ ಹೋದ ಸುದ್ದಿ ಆಗ ದೇಶದ ತುಂಬ ಹರಡಿತು.

ಮೊದಲ ಪಂದ್ಯ ಅಮೆರಿಕದ ಎದುರು. ಅರ್ಧ ವಿರಾಮಕ್ಕೇ 0–5, ಕೊನೆಗೆ 0–8. ಅಕ್ಟೋಬರ್ 14ರಂದು ಮೊರಾಕ್ಕೊ ವಿರುದ್ಧ 0–3, 17ರಂದು ಬ್ರೆಜಿಲ್ ವಿರುದ್ಧ 0–5. ಮೂರು ಪಂದ್ಯ, 16 ಗೋಲು ಬಿಟ್ಟುಕೊಟ್ಟು, ಒಂದನ್ನೂ ಹೊಡೆಯದೆ ಭಾರತದ ಆಟ ಮುಗಿಯಿತು. ಅಂಕಿ ನೋಡಿ ಹಲವರು ನಕ್ಕರು. ನನಗೆ ಆ ಅಂಕಿಯಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅಮೆರಿಕದ ಹುಡುಗಿ ಆರೇಳು ವರ್ಷದಿಂದ ಕ್ಲಬ್ಬಿನಲ್ಲಿ ವಾರವಾರ ಪಂದ್ಯ ಆಡಿ ಬಂದಿರುತ್ತಾಳೆ. ನಮ್ಮವರು ಆಡಿದ್ದು ಮುಖ್ಯವಾಗಿ ಶಿಬಿರಗಳಲ್ಲಿ, ತಮ್ಮತಮ್ಮೊಳಗೇ. ಹೊರಗಿನ ಎದುರಾಳಿಗಳು ಸಿಕ್ಕದ್ದು ಕೊನೆಯ ತಿಂಗಳುಗಳ ಪ್ರವಾಸದಲ್ಲಿ. ಆತಿಥೇಯರೆಂಬ ಹಕ್ಕಿನಿಂದ ಒಳಬಂದ ತಂಡಕ್ಕೂ ಅರ್ಹತಾ ಸುತ್ತು ಗೆದ್ದು ಬಂದ ತಂಡಕ್ಕೂ ಇರುವ ಅಂತರ ಅದು. ಅದೇ ಕೂಟಕ್ಕೆ ಮೊದಲ ಸಲ ಬಂದಿದ್ದ ತಾಂಜಾನಿಯಾ ಏನು ಮಾಡಿತು? ಆಫ್ರಿಕಾದ ಅರ್ಹತಾ ಪಂದ್ಯಗಳನ್ನು ಗೆದ್ದು ಬಂದು, ಹಿಂದೊಮ್ಮೆ ಕಪ್ ಗೆದ್ದಿದ್ದ ಫ್ರಾನ್ಸನ್ನು 2–1ರಿಂದ ಸೋಲಿಸಿ, ಕೆನಡಾ ಜತೆ 1–1 ಮಾಡಿಕೊಂಡು ಕ್ವಾರ್ಟರ್‌ ಫೈನಲ್‌ಗೆ ಹೋಯಿತು.

ನೈಜೀರಿಯಾ ಕ್ವಾರ್ಟರ್‌ ಫೈನಲ್‌ನಲ್ಲಿ ಅಮೆರಿಕವನ್ನೇ ಪೆನಾಲ್ಟಿಯಲ್ಲಿ ಮನೆಗೆ ಕಳಿಸಿ, ಕೊನೆಗೆ ಜರ್ಮನಿಯನ್ನೂ ಹಾಗೆಯೇ ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಫೈನಲ್‌ನಲ್ಲಿ ಸ್ಪೇನ್ ಎದುರು ನಿಂತದ್ದು ಕೊಲಂಬಿಯಾ. ಅದರ ಮುಂಚೂಣಿಯ ಲಿಂಡಾ ಕೈಸೆಡೊ ಹದಿನೈದನೆಯ ವಯಸ್ಸಿಗೆ ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಗುಣವಾಗಿ ಬಂದವಳು. ಅದೇ ವರ್ಷ ಆಗಸ್ಟ್‌ನಲ್ಲಿ 20ರೊಳಗಿನವರ ವಿಶ್ವಕಪ್, ಅಕ್ಟೋಬರ್‌ನಲ್ಲಿ ಇಲ್ಲಿ, ಮರುವರ್ಷ ದೊಡ್ಡವರ ವಿಶ್ವಕಪ್, ಹೀಗೆ ಒಂದು ವರ್ಷದೊಳಗೆ ಮೂರು ವಿಶ್ವಕಪ್ ಆಡಿದಳು. ಫೈನಲ್ ತೀರ್ಮಾನವಾದದ್ದು 82ನೇ ನಿಮಿಷದಲ್ಲಿ, ಕೊಲಂಬಿಯಾದ ರಕ್ಷಣಾ ಆಟಗಾರ್ತಿಯ ಕಾಲಿನಿಂದ ಬಂದ ಉಡುಗೊರೆ ಗೋಲಿನಿಂದ. ಸ್ಪೇನ್ 1, ಕೊಲಂಬಿಯಾ 0. ಸ್ಪೇನಿನ ವಿಕಿ ಲೋಪೆಸ್ ಕೂಟದ ಉತ್ತಮ ಆಟಗಾರ್ತಿಯಾದಳು. ಆಗ ಅವಳಿಗೆ ಹದಿನಾರು.

ಇದೆಲ್ಲ ಕಲಬುರಗಿಗೆ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಹಳೆಯ ಚರಿತ್ರೆಯದು. 1956ರವರೆಗೆ ನಾವು ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗ. ಅದೇ ಹೈದರಾಬಾದಿನ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅದನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಮ್ ಮುಂದೆ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನಕ್ಕೂ 1962ರ ಜಕಾರ್ತ ಏಷ್ಯನ್ ಗೇಮ್ಸ್‌ನ ಚಿನ್ನಕ್ಕೂ ಒಯ್ದರು. ಅವರು ಶಾಲಾ ಶಿಕ್ಷಕರಾಗಿದ್ದವರು. ಅತ್ತ ಮೈಸೂರು ರಾಜ್ಯದ ಎಸ್. ರಾಮನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಹೊಡೆದದ್ದು ಭಾರತದ ಮೊದಲ ಒಲಿಂಪಿಕ್ ಗೋಲು. ಈಗಿನ ಕರ್ನಾಟಕದ ಎರಡೂ ಕಡೆಯ ಹಿರಿಯರು ಈ ಆಟವನ್ನು ಬಲ್ಲವರೇ. ಮಹಿಳೆಯರ ಆಟದಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್‌ನ ಫೈನಲ್‌ವರೆಗೆ ಹೋಗಿತ್ತು.

ಎರಡನೆಯ ಉತ್ತರ ನೆಲದ್ದು. ನಮ್ಮದು ಎರೆ ಮಣ್ಣಿನ ಸೀಮೆ. ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ, ಕಾಲು ಸಿಕ್ಕರೆ ಮೊಣಕಾಲು ಹೋಯಿತೆಂದೇ ಅರ್ಥ. ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಅಂಟುತ್ತದೆ. ಕಬಡ್ಡಿಗಾದರೆ ಹದಿಮೂರು ಮೀಟರಿನ ಅಂಗಳಕ್ಕೆ ಮರಳು ಹಾಕಿ ಹದ ಮಾಡಿಕೊಳ್ಳಬಹುದು. ಫುಟ್‌ಬಾಲ್ ಅಂಗಳ ನೂರು ಮೀಟರಿನದು. ಮುರುಮು ಹಾಕಿ, ರೋಲರ್ ಎಳೆದು, ನೀರು ಬಿಟ್ಟು ಹುಲ್ಲು ಬೆಳೆಸಲು ಶಾಲೆಗಳಿಗೆ ಆಗುವ ಮಾತಲ್ಲ. ಹೋಬಳಿ ಕ್ರೀಡಾಕೂಟಗಳಲ್ಲಿ ನಮ್ಮ ಹೆಣ್ಣುಮಕ್ಕಳು ಖೋಖೋ, ಕಬಡ್ಡಿ, ಥ್ರೋಬಾಲ್‌ನಲ್ಲೇ ಮಿಂಚುವುದಕ್ಕೆ ಇದೂ ಒಂದು ಕಾರಣ. ಅವರಲ್ಲಿ ಓಟದ ಕಸುವಿಗೇನೂ ಬರವಿಲ್ಲ. ಜಿಲ್ಲೆಗೊಂದಾದರೂ, ಸಾಧ್ಯವಾದರೆ ಕಮಲಾಪುರದಂಥ ಹೊಸ ತಾಲ್ಲೂಕು ಕೇಂದ್ರಗಳಿಗೊಂದಾದರೂ, ಹೆಣ್ಣುಮಕ್ಕಳಿಗೆ ಗೊತ್ತಾದ ಹೊತ್ತಿಗೆ ಬಿಟ್ಟುಕೊಡುವ ಹುಲ್ಲಿನ ಅಂಗಳ ಬೇಕು. ಕಲ್ಯಾಣ ಕರ್ನಾಟಕದ ಅನುದಾನದ ಮಾತು ಬಂದಾಗಲೆಲ್ಲ ರಸ್ತೆ, ಕಟ್ಟಡಗಳ ಜತೆಗೆ ಇದನ್ನೂ ಕೇಳೋಣ. ಫಿಫಾ 2022ರ ಫೈನಲ್ ದಿನವೇ ಶಿಕ್ಷಣ ಸಚಿವಾಲಯದ ಜತೆ ‘ಶಾಲೆಗಳಿಗೆ ಫುಟ್‌ಬಾಲ್’ ಒಪ್ಪಂದಕ್ಕೆ ಸಹಿ ಹಾಕಿ, 11 ಲಕ್ಷಕ್ಕೂ ಹೆಚ್ಚು ಚೆಂಡು ಹಂಚುವ ಗುರಿ ಇಟ್ಟುಕೊಂಡಿತು. ಚೆಂಡು ಬಂದಷ್ಟು ಸಲೀಸಾಗಿ ಅಂಗಳ ಬರುವುದಿಲ್ಲ.

ಮೂರನೆಯದು ಕಾಗದದ್ದು. ನಮ್ಮ ಕಡೆ ಶಾಲೆಗೆ ಹಾಕುವಾಗ ಜನ್ಮದಿನ ಗೊತ್ತಿಲ್ಲದಿದ್ದರೆ ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಳ್ಳುವ ರೂಢಿ ಬಹುಕಾಲ ಇತ್ತು. ಬೇಗ ಸೇರಿಸಲೆಂದು ಒಂದು ವರ್ಷ ಹೆಚ್ಚಿಗೆ ಬರೆಸಿದ ಮನೆಗಳೂ ಉಂಟು. ವಯಸ್ಸಿನ ಗಡಿಯ ಕೂಟದಲ್ಲಿ ಆ ಒಂದು ವರ್ಷವೆಂದರೆ ಒಂದು ವಿಶ್ವಕಪ್. ಹೆಸರು ನೋಂದಾಯಿಸುವಾಗ ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರರಲ್ಲೂ ಒಂದೇ ದಿನಾಂಕ ಇರಬೇಕು. ಇದನ್ನು ಮಗಳು ಆರನೇ ಇಯತ್ತೆಯಲ್ಲಿರುವಾಗಲೇ ಸರಿಪಡಿಸಿಕೊಂಡರೆ ಆಯ್ಕೆಯ ಹಿಂದಿನ ದಿನ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಈಗ ಕೂಟವೇ ಬದಲಾಗಿದೆ. 2024ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಉತ್ತರ ಕೊರಿಯಾ ಸ್ಪೇನನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ಹಳೆಯ ಪದ್ಧತಿಯ ಕೊನೆಯ ಕೂಟ. 2025ರಿಂದ ಇದು ಪ್ರತಿವರ್ಷ ನಡೆಯುತ್ತಿದೆ, 16ರ ಬದಲು 24 ತಂಡ. 2029ರವರೆಗಿನ ಐದೂ ಕೂಟ ಮೊರಾಕ್ಕೊದಲ್ಲಿ. ಮೊದಲನೆಯದರಲ್ಲಿ ಉತ್ತರ ಕೊರಿಯಾವೇ ನೆದರ್ಲೆಂಡ್ಸನ್ನು 3–0ರಿಂದ ಸೋಲಿಸಿ ನಾಲ್ಕನೆಯ ಸಲ ಕಪ್ ಎತ್ತಿತು. 2008ರ ಬಳಿಕ ಇದರಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದೇ ಎಂಬುದು ನನ್ನ ತೀರ್ಮಾನ. ಇನ್ನು ಮುಂದೆ ಗಡಿವರ್ಷ, ನಡುವರ್ಷ ಎಂಬ ಭೇದವಿಲ್ಲ. ಯಾವ ವರ್ಷ ಹುಟ್ಟಿದವಳಿಗೂ ಹದಿನೇಳರ ಪೂರ್ತಿ ಬಲದಲ್ಲಿ ಒಂದು ವಿಶ್ವಕಪ್ ಎದುರಿಗಿರುತ್ತದೆ.

ಭಾರತವೂ ಅತ್ತ ಹೆಜ್ಜೆ ಇಟ್ಟಿದೆ. 2025ರ ಅಕ್ಟೋಬರಿನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ನಮ್ಮ 17ರೊಳಗಿನ ತಂಡ ಆತಿಥೇಯರನ್ನು 2–1ರಿಂದ ಗೆದ್ದು, ಮುಂದಿನ ಪಂದ್ಯದಲ್ಲಿ ಉಜ್ಬೇಕಿಸ್ತಾನಕ್ಕೆ ಮೊದಲ ಗೋಲು ಬಿಟ್ಟುಕೊಟ್ಟ ಮೇಲೂ ಎದ್ದುನಿಂತು 2–1ರಿಂದ ಗೆದ್ದಿತು. 2026ರ 17ರೊಳಗಿನವರ ಏಷ್ಯನ್ ಕಪ್‌ಗೆ, 2005ರ ಬಳಿಕ ಮೊದಲ ಸಲ, ಪ್ರವೇಶ ಸಿಕ್ಕಿತು, ಅದೂ ಆಟದ ಬಲದ ಮೇಲೆ. 2022ರಲ್ಲಿ 16 ಗೋಲು ತಿಂದ ತಂಡದ ತಂಗಿಯರು ಇವರು.

ನಮ್ಮ ಮಕ್ಕಳಿಗೆ ಇರುವ ಹಾದಿ ಶಾಲೆಯಿಂದಲೇ ಹೊರಡುತ್ತದೆ. ವಾಯುಪಡೆಯ ಸಹಯೋಗದಲ್ಲಿ 1960ರಿಂದ ನಡೆಯುತ್ತಿರುವ ಸುಬ್ರೊತೊ ಕಪ್ ಶಾಲಾ ಪಂದ್ಯಾವಳಿಯಲ್ಲಿ 2012ರಿಂದ 17ರೊಳಗಿನ ಬಾಲಕಿಯರ ವಿಭಾಗವೂ ಇದೆ. ಅದಕ್ಕೆ ಕೆಳಹಂತದ ಆಯ್ಕೆಗಳನ್ನು ದಾಟಿ ರಾಜ್ಯದ ತಂಡವಾಗಿ ಹೋಗಬೇಕು. ಒಂದು ಶಾಲೆಯ ತಂಡವೇ ರಾಜ್ಯವನ್ನು ಪ್ರತಿನಿಧಿಸುವ ಕೂಟವಾದ್ದರಿಂದ, ಮೈದಾನ ಮತ್ತು ಮನಸ್ಸಿರುವ ಒಬ್ಬ ಪಿ.ಟಿ. ಮಾಸ್ತರರು ಸಿಕ್ಕರೆ ಕಮಲಾಪುರದ ಒಂದೇ ಪ್ರೌಢಶಾಲೆಗೂ ಅದು ಸಾಧ್ಯ. 2029ರ ಮೊರಾಕ್ಕೊ ಕೂಟಕ್ಕೆ 2012ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು. ಆ ವರ್ಷದ ಹುಡುಗಿಯರು ಈಗ ನಮ್ಮ ಪ್ರೌಢಶಾಲೆಗಳ ಬೆಂಚಿನ ಮೇಲೆ ಕೂತಿದ್ದಾರೆ.